ಉಪ್ಪಿನ ಬಯಲಿಗೆ ಹೋಗಿ ಬಂದವರು

ಅಲ್ಲಾಳಸಂದ್ರದ ಮುನಿನಾರಾಯಣಮ್ಮನ ಮನೆಯಲ್ಲಿ ಏಳು ವರ್ಷದಿಂದ ಒಂದು ಮುದ್ದೆ ಹೆಚ್ಚಾಗಿಯೇ ಕಟ್ಟುತ್ತಿದ್ದರು. ಕಟ್ಟುವವಳು ಹಿರಿಯ ಸೊಸೆ ಸುಬ್ಬಲಕ್ಷ್ಮಿ. ಮಾರನೆಯ ಬೆಳಗ್ಗೆ ಅದನ್ನು ಹಸುವಿನ ಬಾನಿಗೆ ಹಾಕುವವಳು ಕಿರಿಯ ಸೊಸೆ ಯಲ್ಲಮ್ಮ. ಆ ಮುದ್ದೆ ಯಲ್ಲಮ್ಮನ ಗಂಡ ಪಂಚಪ್ಪನ ಪಾಲು.

ಪಂಚಪ್ಪ ಲಾರಿ ಡ್ರೈವರ್. ಎಪ್ಪತ್ತಾರರ ಸಂಕ್ರಾಂತಿ ಮುಗಿದ ವಾರ ಯಶವಂತಪುರದಿಂದ ಗುಜರಾತಿಗೆ ಉಪ್ಪು ತರಲು ಹೋದವನು ತಿರುಗಿ ಬರಲಿಲ್ಲ. ಲಾರಿ ಸಿಕ್ಕಿತು, ಅವನು ಸಿಗಲಿಲ್ಲ. ಆಗ ಅವನಿಗೆ ಇಪ್ಪತ್ತೇಳು ವರ್ಷ, ಮದುವೆಯಾಗಿ ಹತ್ತು ತಿಂಗಳು. ಯಲ್ಲಮ್ಮನಿಗೆ ಇಪ್ಪತ್ತು. ಈಗ ಎಂಬತ್ತೆರಡನೆಯ ಇಸವಿ ಮುಗಿಯುತ್ತಾ ಬಂದಿತ್ತು. ಯಲ್ಲಮ್ಮನಿಗೂ ಇಪ್ಪತ್ತೇಳಾಗುವ ಹೊತ್ತು.

"ನನ್ ಮಗ ಬದುಕವ್ನೆ. ಎಣ ಕಂಡೋರು ಯಾರಾದ್ರೂ ಇದ್ರೆ ಬಂದು ಯೇಳ್ಲಿ," ಎನ್ನುವುದು ಮುನಿನಾರಾಯಣಮ್ಮನ ಮಾತು. ಆ ಮಾತಿಗೆ ಎದುರಾಡುವವರು ಮನೆಯಲ್ಲಿ ಇರಲಿಲ್ಲ. ಹಾಗಾಗಿ ಯಲ್ಲಮ್ಮ ದಿನಾ ಹಣೆಗೆ ಕುಂಕುಮ ಇಟ್ಟುಕೊಂಡು, ಕೈತುಂಬ ಬಳೆ ತೊಟ್ಟು, ದ್ರಾಕ್ಷಿ ತೋಟಕ್ಕೆ ಹೋಗಿ ಬಂದು ಮಾಡುತ್ತಿದ್ದಳು. ಗಂಡ ಇದ್ದವಳಂತೆ ಹಬ್ಬಕ್ಕೆ ಕರೆಯುವವರೂ ಇರಲಿಲ್ಲ, ಗಂಡ ಸತ್ತವಳಂತೆ ಸಮಾಧಾನ ಹೇಳುವವರೂ ಇರಲಿಲ್ಲ.

ಜಗಳ ಶುರುವಾದದ್ದು ಡಿಸೆಂಬರಿನ ಒಂದು ಭಾನುವಾರ, ಊಟದ ಹೊತ್ತಿನಲ್ಲಿ. ಸುಬ್ಬಲಕ್ಷ್ಮಿಯ ಗಂಡ ಮುನಿಗಂಗಪ್ಪ ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಮಾತು ಕಡಿಮೆ. ಅಂದು ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದುತ್ತಾ, ತಾಯಿಯ ಮುಖ ನೋಡದೆಯೇ ಹೇಳಿದ.

"ಅಮ್ಮಾ, ಶೇಖರಪ್ಪ ಒಂದ್ ಮಾತು ಕೇಳ್ದ."

ಶೇಖರಪ್ಪ ಅವರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದವನು. ಹಾವೇರಿ ಕಡೆಯವನು, ಅದೇ ಕಾಲೇಜಿನಲ್ಲಿ ಲ್ಯಾಬಿನ ಕೆಲಸ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಏನ್ ಕೇಳ್ದ? ನಲ್ಲಿ ರಿಪೇರಿನಾ?"

"ಯಲ್ಲಮ್ಮನ್ನ ಕೇಳ್ದ. ಮದುವೆ ಆಗ್ತೀನಿ ಅಂತ."

ಅಡುಗೆಮನೆಯಲ್ಲಿ ಯಲ್ಲಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿಸಿತು. ಮುನಿನಾರಾಯಣಮ್ಮ ತಟ್ಟೆಯಲ್ಲೇ ಕೈ ತೊಳೆದುಕೊಂಡಳು.

"ಗಂಡ ಇರೋಳ್ನ ಕೇಳಾಕೆ ಅವ್ನಿಗೆ ಎಷ್ಟ್ ಧೈರ್ಯ? ಕೇಳಿಸ್ಕೊಂಡ್ ಬಂದು ಮನೇಲಿ ಯೇಳಾಕೆ ನಿಂಗೆಷ್ಟ್ ಧೈರ್ಯ?"

"ಏಳು ವರ್ಷ ಆಯ್ತಲ್ಲಮ್ಮಾ."

"ಎಪ್ಪತ್ತಾಗ್ಲಿ. ಆ ಲಾರಿ ಕೆಲ್ಸಕ್ಕೆ ಅವನ್ನ ಸೇರ್ಸಿದ್ದು ನೀನು. ಓದೋನ್ನ ಉಡುಕ್ಕೊಂಡು ಒಂದ್ ದಿನ ಓದ್ಯಾ ನೀನು? ಈಗ ಅವನ್ ಎಂಡ್ತೀನ ಕೊಟ್ಟು ಕೈ ತೊಳ್ಕೊಂತೀಯಾ?"

ಮುನಿಗಂಗಪ್ಪ ಎದ್ದು ಹೋದ. ಅಂದು ರಾತ್ರಿ ಅವನ ಮುದ್ದೆಯೂ ಹಸುವಿಗೇ ಹೋಯಿತು.

ಎರಡು ದಿನ ಬಿಟ್ಟು ದ್ರಾಕ್ಷಿ ಚಪ್ಪರದ ಕೆಳಗೆ ಯಲ್ಲಮ್ಮ ಸುಬ್ಬಲಕ್ಷ್ಮಿಯ ಹತ್ತಿರ ಬಂದು ನಿಂತಳು. ಕೈಯಲ್ಲಿ ಕತ್ತರಿ.

"ಅಕ್ಕಾ, ನಂಗೆ ಶೇಖರಪ್ಪನೇ ಆಗ್ಬೇಕು ಅಂತಿಲ್ಲ. ಆದ್ರೆ ನಾನು ಏನು ಅಂತ ನಂಗೆ ಗೊತ್ತಾಗ್ಬೇಕು. ಭಾವನೂ ನೀವೂ ಒಂದ್ಸಲ ಅಲ್ಲೀಗಂಟ ಹೋಗಿ ನೋಡ್ಕೊಂಡ್ ಬನ್ನಿ. ಇದಾನೆ ಅಂದ್ರೆ ಕಾಯ್ತೀನಿ. ಇಲ್ಲ ಅಂದ್ರೆ ಅತ್ತು ಮುಗಿಸ್ತೀನಿ. ನಿಮ್ಮ ಮಕ್ಕಳ್ನ ನಾನ್ ನೋಡ್ಕೋತೀನಿ."

"ನಾನ್ಯಾಕೆ? ಅವರು ಹೋದ್ರೆ ಸಾಲ್ದಾ?"

"ಭಾವ ಒಬ್ರೇ ಹೋದ್ರೆ ಅವರೂ ಬರಲ್ಲ ಅನ್ಸುತ್ತೆ ಅಕ್ಕಾ," ಎಂದಳು ಯಲ್ಲಮ್ಮ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿದವಳಂತೆ ಗೊಂಚಲು ಕತ್ತರಿಸಲು ತಿರುಗಿದಳು.

ಲಾರಿಯನ್ನು ವಾಪಸು ತಂದವರಲ್ಲಿ ಗೊರಗುಂಟೆಪಾಳ್ಯದ ಗ್ಯಾರೇಜಿನ ಹಬೀಬುಲ್ಲಾ ಒಬ್ಬ. ಮುನಿಗಂಗಪ್ಪ ಹೆಂಡತಿಯನ್ನು ಕರೆದುಕೊಂಡು ಅವನ ಹತ್ತಿರ ಹೋದ. ಹಬೀಬುಲ್ಲಾ ಕೈಯ ಗ್ರೀಸು ಒರೆಸಿಕೊಂಡು, ಟೀ ತರಿಸಿದ.

"ನಿಮ್ಮ ತಾಯಿಗೆ ಎಲ್ಲಾ ಹೇಳಿರ್ಲಿಲ್ಲ ನಾನು," ಎಂದ. "ಲಾರಿ ಸರಿಯಾಗಿತ್ತು ಮುನಿಗಂಗಣ್ಣ. ಕೀ ಅದರಲ್ಲೇ ಇತ್ತು. ಡೀಸೆಲ್ ಇತ್ತು. ಸೀಟಿನ ಮೇಲೆ ಅರ್ಧ ತಿಂದ ಚಪಾತಿ. ಬಾಗಿಲು ತೆಗೆದಿತ್ತು. ಯಾರನ್ನೋ ನೋಡಿ, ಬಂದೆ ಇರು ಅಂತ ಇಳಿದೋನ ಹಾಗೆ."

"ಆಮೇಲೆ?"

"ಹೆಜ್ಜೆ ಗುರುತು ಇತ್ತು. ಉಪ್ಪಿನ ಮೇಲೆ ಚೆನ್ನಾಗಿ ಕಾಣ್ತದೆ. ಒಂದು ಫರ್ಲಾಂಗು ಹೋಗಿತ್ತು. ಅಲ್ಲಿಗೆ ಮುಗೀತು."

"ಮುಗೀತು ಅಂದ್ರೆ?"

"ಮುಗೀತು ಅಂದ್ರೆ ಮುಗೀತು. ಮುಂದಿನ ಹೆಜ್ಜೆ ಇರ್ಲಿಲ್ಲ. ವಾಪಸ್ ಬಂದ ಹೆಜ್ಜೇನೂ ಇರ್ಲಿಲ್ಲ."

ಅವನು ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಾರಿ ಬರೆದುಕೊಟ್ಟ. ಪುಣೆ, ಸೂರತ್, ಅಹಮದಾಬಾದ್, ವಿರಂಗಾಮ್. ಅದಾದ ಮೇಲೆ ಖಾಲಿ ಕಾಗದದಲ್ಲಿ ಒಂದು ಚುಕ್ಕೆ. "ಇಲ್ಲೊಂದು ದಿಬ್ಬ ಇದೆ, ಮೇಲೆ ಹಸಿರು ಬಾವುಟ. ಅಲ್ಲೇ ಲಾರಿ ನಿಂತಿದ್ದು. ಬಸ್ಸಿಲ್ಲ, ರೈಲಿಲ್ಲ. ನಿನ್ನ ಬುಲೆಟ್ ನಾನು ರೆಡಿ ಮಾಡ್ಕೊಡ್ತೀನಿ. ಅದರಲ್ಲೇ ಹೋಗು. ದಾರಿ ಮೇಲಿನ ಹೋಟೆಲ್‌ಗಳಲ್ಲಿ ಕೇಳ್ಕೊಂಡು ಹೋಗಬಹುದು."

ಮುನಿನಾರಾಯಣಮ್ಮ ಒಂದು ವಾರ ಮಾತು ಬಿಟ್ಟಳು. ಆಮೇಲೆ ತಾನೇ ಚಕ್ಕುಲಿ, ಹುರಿಹಿಟ್ಟು ಮಾಡಿ ಡಬ್ಬಿಗೆ ತುಂಬಿದಳು. ಸಂಕ್ರಾಂತಿಯ ಮೂರನೆಯ ದಿನ ಬೆಳಗ್ಗೆ ಬುಲೆಟ್ ಹೊರಟಾಗ ಸುಬ್ಬಲಕ್ಷ್ಮಿಯ ತೋಳು ಹಿಡಿದು ಹೇಳಿದಳು: "ಕಂಡ್ರೆ ಕರ್ಕೊಂಡ್ ಬಾ. ಬರಲ್ಲ ಅಂದ್ರೆ ಎಳ್ಕೊಂಡ್ ಬಾ. ಮನೇಲಿ ಎಲ್ಲಾ ಅಂಗೇ ಇದೆ ಅಂತ ಯೇಳು."

ಮದುವೆಯಾಗಿ ಹದಿಮೂರು ವರ್ಷದಲ್ಲಿ ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋದವರಲ್ಲ. ತುಮಕೂರು ದಾಟುವವರೆಗೂ ಸುಬ್ಬಲಕ್ಷ್ಮಿ ಸೀಟಿನ ಹಿಂದಿನ ಕಂಬಿ ಹಿಡಿದೇ ಕೂತಿದ್ದಳು. ಚಿತ್ರದುರ್ಗದ ಬಂಡೆಗಳು ಕಂಡಾಗ ಗಂಡನ ಹೆಗಲಿಗೆ ಕೈ ಹಾಕಿದಳು. ಧಾರವಾಡ ದಾಟಿ, ಜೋಳದ ಹೊಲಗಳ ನಡುವೆ ನೇರ ರಸ್ತೆ ಸಿಕ್ಕಾಗ ಸೊಂಟ ಬಳಸಿ ಹಿಡಿದಳು. ಸ್ವಲ್ಪ ದೂರ ಹೋದ ಮೇಲೆ, ಮುನಿಗಂಗಪ್ಪ ಗಾಳಿಯಲ್ಲೂ ಕೇಳಿಸುವಂತೆ ಕೂಗಿದ:

"ಚಳಿ ಆಗ್ತಿದೆಯಾ?"

"ಇಲ್ಲ!"

"ಮತ್ತೆ?"

"ಸುಮ್ನೆ!"

ಅವನು ನಕ್ಕ. ಬೆನ್ನು ಅಲುಗಿದ್ದರಿಂದ ಅವಳಿಗೆ ಗೊತ್ತಾಯಿತು. ತಾವು ಯಾವ ಕೆಲಸಕ್ಕೆ ಹೊರಟವರು, ಹೀಗೆ ನಗಬಹುದೇ ಎಂದು ಅವಳಿಗೆ ಅಳುಕಾಯಿತು. ಆದರೂ ಸಂಜೆ ಬೆಳಗಾವಿಯ ಛತ್ರದಲ್ಲಿ ತಲೆಯ ದೂಳು ಕೊಡವಿಕೊಳ್ಳುವಾಗ, ನಾಳೆ ಮತ್ತೆ ಆ ಸೀಟಿನ ಮೇಲೆ ಕೂರುವುದನ್ನು ನೆನೆದು ಮನಸ್ಸು ಹಗುರವಾಗಿತ್ತು.

ದಾರಿಯುದ್ದಕ್ಕೂ ಲಾರಿಯವರು ನಿಲ್ಲುವ ಹೋಟೆಲುಗಳಲ್ಲಿ ಪಂಚಪ್ಪನ ಫೋಟೊ ತೋರಿಸಿದರು. ಕೊಲ್ಲಾಪುರದಲ್ಲಿ ಇಲ್ಲ ಅಂದರು. ಸಾತಾರಾದಲ್ಲಿ ಇಲ್ಲ ಅಂದರು. ಪುಣೆಯಲ್ಲಿ ಒಬ್ಬ ಫೋಟೊವನ್ನೂ ಮುನಿಗಂಗಪ್ಪನ ಮುಖವನ್ನೂ ನೋಡಿ, "ನಿಮ್ಮದೇ ಹಳೇ ಫೋಟೊ ತೋರಿಸ್ತಿದೀರಾ?" ಎಂದ. ಅಣ್ಣ ತಮ್ಮ ಅಷ್ಟು ಹೋಲುತ್ತಿದ್ದರು. ಮುನಿಗಂಗಪ್ಪನಿಗೆ ಈಗ ಮೂವತ್ತೊಂಬತ್ತು, ಕಿವಿಯ ಪಕ್ಕ ನರೆ ಬಂದಿತ್ತು, ಅದೊಂದೇ ವ್ಯತ್ಯಾಸ.

ಖಂಡಾಲಾ ಘಾಟಿ ಇಳಿಯುವಾಗ ಮಂಜಿತ್ತು. ಹಿಂದೆ ಒಂದು ಲಾರಿ ಬರುತ್ತಿತ್ತು. ಮೊದಲ ತಿರುವಿನಿಂದ ಕೊನೆಯ ತಿರುವಿನವರೆಗೂ ಅದರ ಇಂಜಿನ್ನಿನ ಸದ್ದು ಅವರ ಬೆನ್ನಿಗೇ ಇತ್ತು. ಮುನಿಗಂಗಪ್ಪ ಎರಡು ಸಲ ಅಂಚಿಗೆ ಸರಿದು ದಾರಿ ಬಿಟ್ಟ. ಅದು ಮುಂದೆ ಹೋಗಲಿಲ್ಲ. ಕೆಳಗಿಳಿದು, ಬಿಸಿಲು ಬಂದ ಕಡೆ ನಿಂತು ತಿರುಗಿ ನೋಡಿದರು. ಸದ್ದು ನಿಂತಿತ್ತು. ಅರ್ಧ ಗಂಟೆ ಕಾದರೂ ಘಾಟಿಯಿಂದ ಯಾವ ಲಾರಿಯೂ ಇಳಿಯಲಿಲ್ಲ.

"ಮೇಲೇ ನಿಂತಿರ್ಬೇಕು," ಎಂದ ಮುನಿಗಂಗಪ್ಪ.

"ಹೂಂ. ನಿಂತಿರ್ಬೇಕು," ಎಂದಳು ಅವಳು. ಅಲ್ಲಿಂದ ಮುಂದೆ ಇಬ್ಬರೂ ನಗಲಿಲ್ಲ.

ಏಳನೆಯ ದಿನ ನೆಲ ಬಿಳಿಯಾಯಿತು. ಮೊದಲು ಮರಗಳು ನಿಂತವು, ಆಮೇಲೆ ಜಾಲಿಯ ಪೊದೆ, ಆಮೇಲೆ ಹುಲ್ಲು. ಕೊನೆಗೆ ಏನೂ ಇರಲಿಲ್ಲ. ಬಿರಿದ ನೆಲದ ಮೇಲೆ ಉಪ್ಪಿನ ಪದರ, ಅದರ ಅಂಚಿನಲ್ಲಿ ಆಕಾಶ. ದೂರದಲ್ಲಿ ಕಾಡುಕತ್ತೆಗಳ ಹಿಂಡೊಂದು ಓಡಿತು. ಅವುಗಳ ಕಾಲು ನೆಲಕ್ಕೆ ತಾಗಿದಂತೆ ಕಾಣಲಿಲ್ಲ. ಸುಬ್ಬಲಕ್ಷ್ಮಿ ಹುಟ್ಟಿದಾಗಿನಿಂದ ಅಷ್ಟು ಚೆಂದದ ಜಾಗ ನೋಡಿರಲಿಲ್ಲ. ಅಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ ಎನ್ನುವುದು ಅವಳಿಗೆ ತಡವಾಗಿ ಹೊಳೆಯಿತು.

ಬಯಲಿನ ಅಂಚಿನಲ್ಲಿ ಉಪ್ಪು ತೆಗೆಯುವವರ ಗುಡಿಸಲೊಂದಿತ್ತು. ಮುದುಕ ಮುದುಕಿ ಇಬ್ಬರೇ. ಸುಬ್ಬಲಕ್ಷ್ಮಿಯ ತವರು ಆರ್.ಟಿ. ನಗರದ ಪಕ್ಕದ ಗಂಗೇನಹಳ್ಳಿ. ಸಾಬರ ಮನೆಗಳ ನಡುವೆ ಬೆಳೆದವಳಾದ್ದರಿಂದ ಉರ್ದು ಬರುತ್ತಿತ್ತು. ಅವಳ ಉರ್ದು, ಮುದುಕಿಯ ಅರೆಬರೆ ಹಿಂದಿ ಹೇಗೋ ಹೊಂದಿಕೊಂಡವು.

ಆದರೆ ಮೊದಲು ಮಾತಾಡಿದವಳು ಮುದುಕಿ. ನೀರಿನ ಕೊಡ ಹಿಡಿದು ಹೊರಗೆ ಬಂದವಳು ಮುನಿಗಂಗಪ್ಪನನ್ನು ನೋಡಿ ಕೊಡ ಕೆಳಗಿಟ್ಟಳು. ಅವನ ಮುಖವನ್ನೇ ದಿಟ್ಟಿಸಿ ಏನೋ ಅಂದಳು.

"ಏನಂತೆ?" ಎಂದು ಮುನಿಗಂಗಪ್ಪ ಹೆಂಡತಿಯನ್ನು ಕೇಳಿದ.

ಸುಬ್ಬಲಕ್ಷ್ಮಿ ಗಂಡನ ತೋಳು ಹಿಡಿದಳು. "ನಿಂಗೆ ಇದ್ದಕ್ಕಿದ್ದಂತೆ ವಯಸ್ಸಾಗಿಬಿಟ್ಟಿದೆಯಲ್ಲ ಅಂತಾಳೆ. ಮೊನ್ನೆ ಬಂದಾಗ ಹೀಗಿರ್ಲಿಲ್ವಂತೆ."

ಫೋಟೊ ತೋರಿಸಿದರು. ಮುದುಕಿ ಅದನ್ನು ಮುಟ್ಟಲಿಲ್ಲ; ಹೌದೆಂದು ತಲೆಯಾಡಿಸಿದಳು. ಅವನು ಬರುತ್ತಾನೆ ಎಂದಳು. ಮಳೆಗಾಲದ ನೀರು ಒಣಗಿ ನೆಲ ಬಿಳಿಯಾದ ಮೇಲೆ ಬರುತ್ತಾನೆ, ನಡು ಮಧ್ಯಾಹ್ನ. ಗುಡಿಸಲಿನಿಂದ ಹತ್ತು ಮಾರು ದೂರ ನಿಂತು ನೀರು ಕೇಳುತ್ತಾನೆ. ಅವನ ಮುಂದೆ ಕೊಡ ಇಟ್ಟು ಒಳಗೆ ಬಂದುಬಿಡುತ್ತೇವೆ. ಆಮೇಲೆ ನೋಡಿದರೆ ನೀರು ಹಾಗೇ ಇರುತ್ತದೆ, ಅವನು ಇರುವುದಿಲ್ಲ.

"ಹೇಗೆ ಕೇಳ್ತಾನೆ? ಯಾವ ಭಾಷೇಲಿ?" ಎಂದಳು ಸುಬ್ಬಲಕ್ಷ್ಮಿ.

ಮುದುಕಿ ಕಣ್ಣು ಮುಚ್ಚಿಕೊಂಡು, ಅರ್ಥ ಗೊತ್ತಿಲ್ಲದ ಮಂತ್ರ ಒಪ್ಪಿಸುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ಒಸಿ ನೀರ್ ಕೊಡವ್ವಾ."

ಮುನಿಗಂಗಪ್ಪ ಗುಡಿಸಲಿನ ಕಂಬ ಹಿಡಿದು ಕೂತುಬಿಟ್ಟ. ಅದು ಅವರ ಮನೆಯ ಮಾತು. ಹೊರಗಿನಿಂದ ಬಂದು ಜಗಲಿಯಲ್ಲಿ ಕೂತು ಪಂಚಪ್ಪ ದಿನಾ ಹೇಳುತ್ತಿದ್ದ ಮಾತು.

ಸಂಜೆ ಗಂಡಸರಿಬ್ಬರೂ ಬುಲೆಟ್ ನೋಡುತ್ತಿದ್ದಾಗ ಮುದುಕಿ ಒಲೆಯ ಮುಂದೆ ಇನ್ನೊಂದಷ್ಟು ಹೇಳಿದಳು. ಅವನ ಅಂಗಿ, ಅದರ ಗುಂಡಿ. ಮತ್ತೆ ಒಂದು ಎಚ್ಚರಿಕೆ: ನಾಳೆ ದಿಬ್ಬಕ್ಕೆ ಹೋಗಿ, ಕೈ ಮುಗಿದು ಬನ್ನಿ. ಬಯಲಿನಲ್ಲಿ ಯಾರಾದರೂ ನಡೆಯುವುದು ಕಂಡರೆ ಗಾಡಿಯಿಂದ ಇಳಿಯಬೇಡಿ. ಅವನೂ ಯಾರನ್ನೋ ನೋಡಿಯೇ ಇಳಿದದ್ದು.

ಮಾರನೆಯ ದಿನ ದಿಬ್ಬ ಸಿಕ್ಕಿತು. ಬಾವುಟದ ಬಣ್ಣ ಬಿಸಿಲಿಗೆ ಹೋಗಿತ್ತು. ಸುಬ್ಬಲಕ್ಷ್ಮಿ ಊರಿನಿಂದ ತಂದಿದ್ದ ಎಲೆ ಅಡಿಕೆ ಇಟ್ಟು, ಊದುಬತ್ತಿ ಹಚ್ಚಿದಳು. ಹೊಗೆ ನೇರವಾಗಿ ಮೇಲಕ್ಕೆ ಹೋಯಿತು. ಹೊರಟು ಕಾಲು ಗಂಟೆಯಾಗಿರಬಹುದು. ಎಡಗಡೆ, ಬಿಸಿಲುಗುದುರೆಯ ನೀರಿನಾಚೆ, ಒಬ್ಬ ನಡೆಯುತ್ತಿದ್ದುದು ಅವಳಿಗೆ ಕಂಡಿತು.

ಅವಳು ಗಂಡನಿಗೆ ಹೇಳಲಿಲ್ಲ. ಬುಲೆಟ್ ನಲವತ್ತರಲ್ಲಿ ಓಡುತ್ತಿತ್ತು. ನಡೆಯುವವನು ಹಿಂದೆ ಬೀಳಲಿಲ್ಲ. ಬಲ ಹೆಗಲು ತುಸು ಮೇಲೆತ್ತಿ, ಅವಸರವಿಲ್ಲದೆ ನಡೆಯುತ್ತಿದ್ದ. ಗಾಡಿ ಐವತ್ತಕ್ಕೆ ಏರಿತು. ಆಗ ಗಂಡನಿಗೂ ಕಂಡಿದೆ ಎಂದು ಅವಳಿಗೆ ಗೊತ್ತಾಯಿತು. ನಡೆಯುವವನೂ ಹಾಗೇ ಪಕ್ಕಕ್ಕೇ ಬಂದ. ಅವಳು ಗಂಡನ ಬೆನ್ನಿಗೆ ಮುಖ ಒತ್ತಿಕೊಂಡಳು. ಇದ್ದಕ್ಕಿದ್ದಂತೆ ಇಂಜಿನ್ ಸದ್ದು ನಿಂತಿತು. ಮುನಿಗಂಗಪ್ಪ ಕೀ ತಿರುಗಿಸಿದ್ದ.

"ಬೇಡ ಕಣ್ರೀ. ಹೊರಡಿ."

"ಪಂಚಾ ಕಣೇ."

"ಅಲ್ಲ. ಹೊರಡಿ."

"ಹೆಗಲು ನೋಡೇ. ನನ್ ತಮ್ಮ ಅಲ್ವಾ ಅವನು?" ಅವನ ದನಿ ಮಗುವಿನ ದನಿಯಂತಾಗಿತ್ತು. ಸ್ಟ್ಯಾಂಡ್ ಹಾಕಿದ, ಇಳಿದ, ನಡೆದ. ಅವಳು ಅಂಗಿ ಹಿಡಿದೆಳೆದಳು. ಅದು ಕೈಗೆ ನಿಲ್ಲಲಿಲ್ಲ. ಆಚೆಯವನು ಈಗ ನಿಂತಿದ್ದ. ಅವರಿಗೆ ಬೆನ್ನು ಮಾಡಿ, ಕಾಯುವವನಂತೆ.

ರೀ ಎಂದು ಕೂಗಿದಳು. ಗಂಡ ನಿಲ್ಲಲಿಲ್ಲ. ಮಕ್ಕಳ ಹೆಸರು ಹಿಡಿದು ಕೂಗಿದಳು. ನಿಲ್ಲಲಿಲ್ಲ. ಅವನ ಹೆಜ್ಜೆಯ ಕೆಳಗೆ ಉಪ್ಪು ಮುರಿಯುವ ಸದ್ದು ಹೆಜ್ಜೆ ಹೆಜ್ಜೆಗೂ ಕಡಿಮೆಯಾಗುತ್ತಿತ್ತು. ಇನ್ನೆರಡು ಹೆಜ್ಜೆಗೆ ಅದು ಪೂರ್ತಿ ನಿಂತುಹೋಗುತ್ತದೆ ಎಂದು ಅವಳಿಗೆ ಅನ್ನಿಸಿತು. ಹದಿಮೂರು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ಆಡದ ಹೆಸರನ್ನು ಅವಳು ಎದೆ ಬಿರಿಯುವಂತೆ ಕೂಗಿದಳು.

"ಮುನಿಗಂಗಪ್ಪಾ!"

ಗಂಡ ತಿರುಗಿದ. ಆಚೆಯವನೂ ತಿರುಗಿದ.

ನೂರು ಮಾರು ದೂರವಿತ್ತು. ಆದರೂ ಮುಖ ಕಂಡಿತು. ಕಿವಿಯ ಕೆಳಗಿನವರೆಗೆ ಬಿಟ್ಟ ಕೆನ್ನೆಗೂದಲು, ಆಗಷ್ಟೇ ಕ್ಷೌರ ಮಾಡಿಸಿಕೊಂಡಂಥ ಕೆನ್ನೆ. ಮನೆಯ ಗೋಡೆಯ ಮೇಲಿನ ಫೋಟೊದಲ್ಲಿ ಇರುವುದೇ. ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಅತ್ತಿಗೆಯನ್ನು ನೋಡಿದ. ನಕ್ಕನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಅವಳು ಓಡಿಹೋಗಿ ಗಂಡನ ಕೈ ಹಿಡಿದು ಎಳೆದು ತಂದಳು. ಅವನು ಅಳುತ್ತಿದ್ದ. "ಕಿಕ್ ಹೊಡೀರಿ," ಎಂದಳು. ಅವನು ಹೊಡೆದ. ಇಂಜಿನ್ ಗುಡುಗಿದ ಕೂಡಲೇ ಎದುರಿನ ಬಯಲು ಬರಿದಾಗಿತ್ತು. ಹೊರಡುವಾಗ ಸುಬ್ಬಲಕ್ಷ್ಮಿ ನೆಲ ನೋಡಿದಳು. ಉಪ್ಪಿನ ಮೇಲೆ ಗಂಡ ಆಚೆಗೆ ನಡೆದ ಹೆಜ್ಜೆಗಳು ಹನ್ನೆರಡು. ಮೊದಲಿನವು ಆಳವಾಗಿದ್ದವು. ಕೊನೆಯದು ಬಟ್ಟೆಯಲ್ಲಿ ಒರೆಸಿದಷ್ಟೇ ಇತ್ತು.

ವಾಪಸು ಬರುವ ಎಂಟು ದಿನದ ದಾರಿಯಲ್ಲಿ ಗಂಡ ಹೆಂಡತಿ ಆಡಿದ ಮಾತು ಬೆರಳೆಣಿಕೆಯಷ್ಟು. ಯಲಹಂಕದ ಕಡೆಗೆ ತಿರುಗುವಾಗ ಅವಳು ಕೇಳಿದಳು:

"ಅತ್ತೆಗೆ ಏನ್ ಹೇಳ್ತೀರಿ?"

"ಇದ್ದದ್ದು ಹೇಳ್ತೀನಿ."

"ಯಲ್ಲಮ್ಮನ್ನ ನೆನೆಸ್ಕೊಂಡು ಹೇಳಿ."

ಆದರೆ ಅಂಗಳದಲ್ಲಿ ನಿಂತಿದ್ದ ತಾಯಿಯ ಮುಖ ನೋಡಿದ ಕೂಡಲೇ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಕಂಡ ಕಣಮ್ಮಾ."

ಮುನಿನಾರಾಯಣಮ್ಮ ಅಲ್ಲೇ ಕೂತು ನೆಲ ಮುಟ್ಟಿ ನಮಸ್ಕರಿಸಿದಳು. ಅಂದು ಮನೆಯಲ್ಲಿ ಒಬ್ಬಟ್ಟು. ಯಲ್ಲಮ್ಮನ ಕೈಗೆ ಹೊಸ ಬಳೆ. ಬೀದಿಯವರನ್ನೆಲ್ಲ ಕರೆದು, "ನಾನ್ ಯೇಳ್ಲಿಲ್ವಾ? ಅವ್ನೆ. ಅದ್ಯಾಕೋ ಮುನಿಸ್ಕೊಂಡವ್ನೆ ಅಷ್ಟೇ," ಎಂದಳು.

ಅದಾದ ಮೇಲಿನ ಮೂರು ವಾರ ಆ ಮನೆಯಲ್ಲಿ ಸುಖವಿರಲಿಲ್ಲ. ಮುನಿಗಂಗಪ್ಪ ಕೆಲಸಕ್ಕೆ ಹೋಗಿ ಬಂದು ಅಂಗಳದಲ್ಲಿ ಬುಲೆಟ್ಟಿನ ಪಕ್ಕ ಕೂರುತ್ತಿದ್ದ. ಎಷ್ಟು ತೊಳೆದರೂ ಮಡ್‌ಗಾರ್ಡಿನೊಳಗಿಂದ ಬಿಳಿ ಪುಡಿ ಉದುರುತ್ತಿತ್ತು; ಬೆಳಗಾದರೆ ಚಪ್ಪಡಿಯ ಮೇಲೆ ತೆಳ್ಳಗೆ ಉಪ್ಪು. ಕೋಳಿಗಳು ಆ ಜಾಗ ಬಳಸಿಕೊಂಡು ಓಡಾಡುತ್ತಿದ್ದವು. ಮುನಿನಾರಾಯಣಮ್ಮ ಒಂದು ಬೆಳಗ್ಗೆ ಅದನ್ನು ಬೆರಳಿಗೆ ಹಚ್ಚಿಕೊಂಡು ನಾಲಗೆಗೆ ಇಟ್ಟುಕೊಂಡದ್ದನ್ನು ಸುಬ್ಬಲಕ್ಷ್ಮಿ ಕಂಡಳು. ತಾಯಿ ಮಗ ಇಬ್ಬರೂ ಮತ್ತೆ ಹೋಗುವ ಮಾತಾಡತೊಡಗಿದರು, ಈ ಸಲ ರೈಲಿನಲ್ಲಿ, ಯಲ್ಲಮ್ಮನನ್ನೂ ಕರೆದುಕೊಂಡು.

"ಎಂಡ್ತಿ ಮುಖ ನೋಡಿದ್ರೆ ಬತ್ತಾನೆ," ಎನ್ನುತ್ತಿದ್ದಳು ಅತ್ತೆ.

ಯಲ್ಲಮ್ಮ ಊಟ ಬಿಟ್ಟಳು. ಜಗಳವಾಡಲಿಲ್ಲ, ಅಳಲಿಲ್ಲ, ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಎದ್ದುಬಿಡುವಳು. ಶೇಖರಪ್ಪ ಒಂದು ದಿನ ಸುಬ್ಬಲಕ್ಷ್ಮಿಯನ್ನು ಬಾವಿಯ ಹತ್ತಿರ ಮಾತಾಡಿಸಿದ.

"ಅಕ್ಕಾರ, ನಾ ಖೋಲಿ ಬಿಡ್ತೀನ್ರಿ. ಅವರ ಯಜಮಾನ್ರು ಅದಾರ ಅಂದಮ್ಯಾಲೆ ನಾ ಇಲ್ಲಿ ಇರೂದು ಚಂದ ಅಲ್ಲ."

"ಒಂದ್ ವಾರ ತಡೀರಿ ಶೇಖರಪ್ಪನೋರೆ."

"ಏನ್ ಆಗ್ತೈತ್ರಿ ವಾರದಾಗ?"

ಅವಳಿಗೂ ಗೊತ್ತಿರಲಿಲ್ಲ. ಗುಡಿಸಲಿನ ಒಲೆಯ ಮುಂದೆ ಮುದುಕಿ ಹೇಳಿದ್ದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅತ್ತೆಯ ಆಸೆಗೆ ಇನ್ನಷ್ಟು ಬಲ ಬಂದೀತು ಎಂದು ಹೆದರಿದ್ದಳು.

ಶಿವರಾತ್ರಿ ಕಳೆದ ಸೋಮವಾರ, ಬೆಳಗಿನ ತಿಂಡಿಯ ಹೊತ್ತು. ಮುನಿನಾರಾಯಣಮ್ಮ ರೊಟ್ಟಿ ತಟ್ಟುತ್ತಾ ಹೊರಡುವ ದಿನ ಗೊತ್ತುಮಾಡುತ್ತಿದ್ದಳು. ಯಲ್ಲಮ್ಮ ಥಟ್ಟನೆ ಹೇಳಿದಳು:

"ನಾನ್ ಬರಲ್ಲ ಅತ್ತೆ."

"ಯಾಕೆ? ಇತ್ಲ ಕೋಣೆಯೋನು ಬೇಡ ಅಂದ್ನಾ?"

"ಅತ್ತೆ!" ಎಂದಳು ಸುಬ್ಬಲಕ್ಷ್ಮಿ.

"ನೀ ಸುಮ್ಕಿರು. ಗಂಡನ್ನ ಕಣ್ಣಾರೆ ಕಂಡ್ ಬಂದವ್ರೆ. ಅವ್ಳು ಬರಲ್ಲ ಅಂದ್ರೆ ಏನರ್ಥ?"

"ಇದ್ರೆ ಇಷ್ಟು ವರ್ಷ ಯಾಕ್ ಬರ್ಲಿಲ್ಲ?" ಯಲ್ಲಮ್ಮನ ದನಿ ಮೊದಲ ಸಲ ಏರಿತು. "ಒಂದ್ ಕಾಗದ ಬರೀಬಾರ್ದಾ? ನಾನೇನ್ ತಪ್ಪು ಮಾಡಿದ್ದೆ ಅವನಿಗೆ?"

"ನಂಗೇನೇ ಗೊತ್ತು? ಸುಬ್ಬಿ, ನೀ ಯೇಳು. ಎಂಗವ್ನೆ? ಸೊರಗವ್ನಾ? ಯಾವ ಅಂಗಿ ಆಕ್ಕೊಂಡಿದ್ದ?"

ಸುಬ್ಬಲಕ್ಷ್ಮಿ ಗಂಡನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಕೈಯಲ್ಲಿದ್ದ ಚೊಂಬು ಕೆಳಗಿಟ್ಟಳು.

"ಹೋದ ದಿನದ ಅಂಗೀನೇ ಅತ್ತೆ. ನೀಲಿ ಚೌಕಳಿದು. ಆ ಮುದುಕಿ ಹತ್ತಿರದಿಂದ ನೋಡಿದಾಳೆ. ಎರಡನೇ ಗುಂಡಿ ಮಾತ್ರ ಕೆಂಪು ದಾರದಲ್ಲಿ ಹೊಲಿದಿತ್ತು ಅಂದ್ಲು."

ಯಲ್ಲಮ್ಮ ಎದ್ದು ನಿಂತಳು. ಗೋಡೆಗೆ ಕೈ ಕೊಟ್ಟಳು.

"ಈಗ್ಲೂ ಕೆಂಪು ದಾರಾನೇ ಇದೆ ಅಂದ್ಲಾ ಅಕ್ಕಾ? ಈ ಸಂಕ್ರಾಂತೀಲಿ?"

"ಹೂಂ ಕಣೇ. ನಾವು ಹೋಗೋಕೆ ಎರಡು ದಿನ ಮುಂಚೆ ನೋಡಿದ್ಲಂತೆ."

"ಅದು ನಾನ್ ಹೊಲಿದಿದ್ದು. ಹೊರಡೋ ದಿನ ಬೆಳಗ್ಗೆ. ಲಾರಿ ಹಾರನ್ ಹೊಡೀತಿತ್ತು. ನೀಲಿ ದಾರ ಸಿಗ್ಲಿಲ್ಲ. ಕೆಂಪುದಾರಾನೂ ಗೇಣುದ್ದ ಮಾತ್ರ ಉಳಿದಿತ್ತು. ಎರಡೇ ಸುತ್ತು ಬಂತು. ಗಂಟೂ ಹಾಕಕ್ಕಾಗ್ಲಿಲ್ಲ, ಹಲ್ಲಲ್ಲಿ ಕಡಿದುಬಿಟ್ಟೆ. ಬಂದ್ಮೇಲೆ ಸರಿಯಾಗಿ ಹಾಕ್ಕೊಡ್ತೀನಿ ಅಂದೆ." ಅವಳು ಅತ್ತೆಯ ಕಡೆ ತಿರುಗಿದಳು. "ಎರಡು ಸಲ ಒಗೆದ್ರೆ ನಿಲ್ಲೋ ದಾರ ಅಲ್ಲ ಅತ್ತೆ ಅದು. ಏಳು ವರ್ಷ ಹೆಂಗ್ ನಿಂತಿದೆ?"

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಯಾರೂ ತಿರುವಿ ಹಾಕಲಿಲ್ಲ.

"ಗಂಟಿರ್ಲಿಲ್ವಾ?" ಎಂದಳು ಮುನಿನಾರಾಯಣಮ್ಮ.

"ಇರ್ಲಿಲ್ಲ."

"ಎರಡೇ ಸುತ್ತಾ?"

"ಎರಡೇ ಅತ್ತೆ."

ಮುನಿನಾರಾಯಣಮ್ಮ ಹುಟ್ಟಿದಾಗಿನಿಂದ ಬಟ್ಟೆ ಒಗೆದವಳು, ಹೊಲಿದವಳು, ಹರಿದದ್ದನ್ನು ತೇಪೆ ಹಾಕಿದವಳು. ಯಾವ ದಾರ ಎಷ್ಟು ದಿನ ತಡೆಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹಿರಿಯ ಮಗನ ಕಡೆ ನೋಡಿದಳು. ಅವನ ಕಿವಿಯ ಪಕ್ಕದ ನರೆಯನ್ನು ನೋಡಿದಳು.

"ಅವನ್ ತಲೆ ನೆರೆತಿತ್ತಾ ಗಂಗಾ?"

"ಇಲ್ಲಮ್ಮಾ."

"ಒಂದೂ?"

"ಒಂದೂ ಇಲ್ಲ. ಹೋದಾಗ ಹೆಂಗಿದ್ನೋ ಹಂಗೇ."

ಅವಳು ಒಲೆಯ ಕೊಳ್ಳಿ ಹಿಂದಕ್ಕೆಳೆದು ನೀರು ಚಿಮುಕಿಸಿದಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಏಳು ವರ್ಷದಿಂದ ಅಳದಿದ್ದ ಅಳುವನ್ನು ಅತ್ತಳು. ಮೊದಲು ಹೋಗಿ ತಬ್ಬಿಕೊಂಡವಳು ಯಲ್ಲಮ್ಮ.

ಯುಗಾದಿಗೆ ಮುಂಚೆ ಅಲ್ಲಾಳಸಂದ್ರದ ಕೆರೆಯ ಏರಿಯ ಕೆಳಗೆ ಪಂಚಪ್ಪನ ಕರ್ಮ ಮಾಡಿದರು. ಹಬೀಬುಲ್ಲಾ ಬಂದು ದೂರದಲ್ಲಿ ನಿಂತಿದ್ದು, ಮುಗಿದ ಮೇಲೆ ಮುನಿಗಂಗಪ್ಪನ ಹೆಗಲ ಮೇಲೆ ಕೈಯಿಟ್ಟು ಹೋದ. ಬುಲೆಟ್ಟನ್ನು ಸುಬ್ಬಲಕ್ಷ್ಮಿ ಹಟ ಹಿಡಿದು ಅವನ ಗ್ಯಾರೇಜಿಗೆ ಕಳಿಸಿದಳು. ಮುನಿಗಂಗಪ್ಪ ಬೇಡವೆನ್ನಲಿಲ್ಲ. ಬಸ್ಸಿನಲ್ಲಿ ಕೆಲಸಕ್ಕೆ ಹೋಗತೊಡಗಿದ. ಒಂದೊಂದು ಮಧ್ಯಾಹ್ನ ಊಟದ ನಡುವೆ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಾ ಕೂತುಬಿಡುತ್ತಿದ್ದ. ಆಗೆಲ್ಲ ಅವಳು ಅಡುಗೆಮನೆಯಿಂದಲೇ ಮೆಲ್ಲಗೆ ಅವನ ಹೆಸರು ಹಿಡಿದು ಕರೆಯುತ್ತಿದ್ದಳು. ಮೊದಲು ಅತ್ತೆಗೆ ಅದು ಸರಿಕಾಣಲಿಲ್ಲ. ಆ ಕರೆಗೆ ಮಗ ತಿರುಗಿ ತಟ್ಟೆ ನೋಡುವುದನ್ನು ಕಂಡ ಮೇಲೆ ಸುಮ್ಮನಾದಳು.

ಮೇ ತಿಂಗಳಲ್ಲಿ ಯಶವಂತಪುರದ ಒಂದು ಸಣ್ಣ ದೇವಸ್ಥಾನದಲ್ಲಿ ಯಲ್ಲಮ್ಮನಿಗೂ ಶೇಖರಪ್ಪನಿಗೂ ಮದುವೆಯಾಯಿತು. ಮತ್ತಿಕೆರೆಯಲ್ಲಿ ಮನೆ ನೋಡಿದ್ದರು. ಹೊರಡುವ ದಿನ ಯಲ್ಲಮ್ಮ ಟ್ರಂಕು ಹಿಡಿದು ಅಂಗಳಕ್ಕೆ ಬಂದವಳು ಅತ್ತೆಯ ಕಾಲಿಗೆ ಬಿದ್ದು ಏಳದೇ ಹೋದಳು.

"ಎದ್ದೇಳು. ಬಸ್ಸೊಂಟೋಯ್ತದೆ."

"ಭಯ ಆಗ್ತದೆ ಅತ್ತೆ."

"ಏನ್ ಭಯ?"

ಯಲ್ಲಮ್ಮ ತಲೆ ತಿರುಗಿಸಿ ಬೀದಿಯ ಕಡೆ ನೋಡಿದಳು. ಬಾಗಿಲ ಹತ್ತಿರ ನಿಂತಿದ್ದ ಸುಬ್ಬಲಕ್ಷ್ಮಿಗೆ ಅದು ಏನು ಭಯ ಎಂದು ಗೊತ್ತಿತ್ತು. ನಡು ಮಧ್ಯಾಹ್ನ, ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಮುನಿನಾರಾಯಣಮ್ಮ ಬಗ್ಗಿ ಸೊಸೆಯನ್ನು ಎಬ್ಬಿಸಿದಳು. ಕೆನ್ನೆಯ ದೂಳು ಒರೆಸಿದಳು. ಬಿಸಿಲು ಕುಣಿಯುತ್ತಿದ್ದ ಖಾಲಿ ಬೀದಿಯ ಕಡೆ ಒಮ್ಮೆ ನೋಡಿ, ಟ್ರಂಕನ್ನು ಅವಳ ಕೈಗೆ ಕೊಟ್ಟಳು.

"ಓಗು ಮಗಳೆ. ಅವನ್ ಬಂದು ಕೇಳಿದ್ರೆ ನಾನ್ ಯೇಳ್ತೀನಿ ಬುಡು."